‘ಫೋಲ್ಡರ್ ಅಳಿಸುತ್ತದೆ’ ಅಂದರೆ ಏನೇನು?

“ಕೊಟ್ಟ ಹೆಸರಿನ ಫೋಲ್ಡರನ್ನು ಅಳಿಸುತ್ತದೆ.”

ಎಐ ಏಜೆಂಟ್ (ನಮ್ಮ ಪರವಾಗಿ ತಾನೇ ಕೆಲಸ ಮಾಡುವ ಎಐ) ಕೈಗೆ ಮೇಲ್‌ಬಾಕ್ಸ್ ಒಪ್ಪಿಸುವ ಎಷ್ಟೋ ಟೂಲ್‌ಗಳಲ್ಲಿ, ಅಂದರೆ ಅದು ಕರೆದು ಬಳಸುವ ಸಣ್ಣ ಪ್ರೋಗ್ರಾಂಗಳಲ್ಲಿ, ಈ ಕೆಲಸಕ್ಕೆ ಬರೆದಿರುವ ವಿವರಣೆ ಹೆಚ್ಚುಕಡಿಮೆ ಇಷ್ಟೇ. ನಾಲ್ಕು ಪದ. ಸುಳ್ಳೇನಲ್ಲ. ಆದರೆ ಒಳಗಿದ್ದ ಮೇಲ್‌ಗಳ ಗತಿ ಏನು, ಅದರಡಿ ಇದ್ದ ಉಪಫೋಲ್ಡರ್‌ಗಳು ಉಳಿಯುತ್ತವೆಯೇ, ಕಸದಬುಟ್ಟಿಗೆ ಹೋಗುತ್ತದೋ ನೇರ ನೀರುಪಾಲೋ, ಅರ್ಧಕ್ಕೆ ನಿಂತರೆ ಮುಂದೇನು? ಒಂದಕ್ಕೂ ಉತ್ತರವಿಲ್ಲ.

ಮನುಷ್ಯರು ಓದುವ ಕೈಪಿಡಿಯಾಗಿದ್ದರೆ ಇಷ್ಟು ಜಿಪುಣತನ ನಡೆದೀತು. ನಮಗೆ ಪರದೆ ಕಾಣುತ್ತದೆ, ಫೋಲ್ಡರ್ ಹೆಸರಿನ ಪಕ್ಕ ಸಂಖ್ಯೆ ಕಾಣುತ್ತದೆ, ಕೈ ಒಂದು ಕ್ಷಣ ತಡೆಯುತ್ತದೆ. ಏಜೆಂಟ್‌ಗೆ ಇರುವುದು ಟೂಲಿನ ಹೆಸರು, ಅದರ ವಿವರಣೆ, ಪ್ಯಾರಾಮೀಟರ್‌ಗಳ (ಟೂಲಿಗೆ ತುಂಬಿಕೊಡಬೇಕಾದ ವಿವರಗಳ) ಪಟ್ಟಿ. ಕೈಪಿಡಿಯೂ ಅದೇ, ಪರದೆಯೂ ಅದೇ. ನಿನ್ನೆಯ ಎಡವಟ್ಟು ಇವತ್ತಿಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಪ್ರತಿ ಸಂಭಾಷಣೆಯಲ್ಲೂ ಆ ವಿವರಣೆಯನ್ನು ಹೊಸದಾಗಿಯೇ ಓದುತ್ತದೆ. ನೀವು ಬಿಟ್ಟದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತದೆ. ಆ ಊಹೆಯ ಒಲವು ಯಾವ ಕಡೆಗೆ ಎಂದು ಬೇರೆ ಹೇಳಬೇಕಿಲ್ಲ: ‘ಕಸದಬುಟ್ಟಿ ಇದ್ದೇ ಇರುತ್ತದಲ್ಲ.’

ಇರುವುದಿಲ್ಲ. ಥಂಡರ್‌ಬರ್ಡ್‌ನಂಥ ಮೇಲ್ ಆ್ಯಪ್‌ನಲ್ಲಿ ಫೋಲ್ಡರ್ ಮೇಲೆ ಬಲಕ್ಲಿಕ್ ಮಾಡಿ ಅಳಿಸಿದಾಗ ಅದು ಕಸದಬುಟ್ಟಿಯೊಳಗೆ ಹೋಗಿ ಕೂರುವುದನ್ನು ನೋಡಿರುತ್ತೇವೆ. ಅಲ್ಲಿ ನಡೆಯುವುದು ಅಳಿಸುವ ಕೆಲಸವಲ್ಲ, ಹೆಸರು ಬದಲಾಯಿಸುವ ಕೆಲಸ. ‘ರಸೀದಿ’ ಹೋಗಿ ‘ಟ್ರ್ಯಾಷ್/ರಸೀದಿ’ ಆಗುತ್ತದೆ. ಐಮ್ಯಾಪ್ ಭಾಷೆಯಲ್ಲಿ, ಅಂದರೆ ಮೇಲ್ ಆ್ಯಪ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಭಾಷೆಯಲ್ಲಿ, ಅದು ರೀನೇಮ್ ಆಜ್ಞೆ. ಟೂಲ್ ಬರೆಯುವವರು ಮಾತ್ರ ನಿಘಂಟು ನೋಡಿದ ಹಾಗೆ ನೇರವಾಗಿ ಡಿಲೀಟ್ ಆಜ್ಞೆಗೆ ಕೈಹಾಕುತ್ತಾರೆ. ಐಮ್ಯಾಪ್ ನಿಯಮ ಬರೆದಿಟ್ಟ 2003ರ ಆರ್‌ಎಫ್‌ಸಿ (ಅಂತರ್ಜಾಲದ ತಾಂತ್ರಿಕ ನಿಯಮಗಳ ದಾಖಲೆ) 3501 ಇರಲಿ, ಅದರ ಜಾಗಕ್ಕೆ 2021ರಲ್ಲಿ ಬಂದ ಆರ್‌ಎಫ್‌ಸಿ 9051 ಇರಲಿ, ಡಿಲೀಟ್ ಎಂದರೆ ಮೇಲ್‌ಬಾಕ್ಸನ್ನು (ಐಮ್ಯಾಪ್‌ನಲ್ಲಿ ಫೋಲ್ಡರಿಗೆ ಇದೇ ಹೆಸರು) ಶಾಶ್ವತವಾಗಿ ತೆಗೆಯುವುದು ಎಂದೇ ಬರೆದಿದೆ. ಬಳಕೆದಾರರ ಬಾಯಲ್ಲಿ ‘ಅಳಿಸು’ ಎಂದರೆ ಮೊದಲನೆಯದು, ಟೂಲಿನ ಕೈಯಲ್ಲಿ ಎರಡನೆಯದು.

ಜಿಮೇಲ್‌ಗೆ ಬಂದರೆ ಅರ್ಥ ತಲೆಕೆಳಗಾಗುತ್ತದೆ. ಅಲ್ಲಿ ಫೋಲ್ಡರೇ ಇಲ್ಲ, ಇರುವುದು ಲೇಬಲ್. ಲೇಬಲ್ ಅಳಿಸಿದರೆ ಆ ಚೀಟಿ ಎಲ್ಲ ಮೇಲ್‌ಗಳಿಂದ ಕಿತ್ತುಹೋಗುತ್ತದೆ, ಅದೂ ಶಾಶ್ವತವಾಗಿ. ಮೇಲ್‌ಗಳು ಮಾತ್ರ ‘ಎಲ್ಲ ಮೇಲ್’ನಲ್ಲಿ ಹಾಗೇ ಇರುತ್ತವೆ. ನಷ್ಟವೇ ಇಲ್ಲ ಎನ್ನಬೇಡಿ. ಆರು ವರ್ಷ ಕೈಯಾರೆ ವಿಂಗಡಿಸಿದ ಮೂರು ಸಾವಿರ ಮೇಲ್ ಮತ್ತೆ ಎಪ್ಪತ್ತು ಸಾವಿರದ ರಾಶಿಯಲ್ಲಿ ಬೆರೆತರೆ ಅದನ್ನು ಹೆಕ್ಕಿ ತರುವ ಗುಂಡಿ ಎಲ್ಲಿಯೂ ಇಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ಹಳೆಯ ವೆಬ್ ಸರ್ವೀಸ್ ಈ ಗೊಂದಲಕ್ಕೆ ಚೆನ್ನಾಗಿ ಉತ್ತರ ಕೊಟ್ಟಿತ್ತು: ಫೋಲ್ಡರ್ ಅಳಿಸುವ ಕೋರಿಕೆಯಲ್ಲಿ ಹಾರ್ಡ್ ಡಿಲೀಟ್ (ಪೂರ್ತಿ ಅಳಿಸು), ಸಾಫ್ಟ್ ಡಿಲೀಟ್ (ಮರಳಿ ಪಡೆಯುವಂತೆ ಅಳಿಸು), ‘ಅಳಿಸಿದವು’ಗಳಿಗೆ ಸಾಗಿಸು, ಈ ಮೂರರಲ್ಲಿ ಒಂದನ್ನು ಬರೆಯಲೇಬೇಕು. ಬರೆಯದಿದ್ದರೆ ಕೋರಿಕೆಯೇ ನಡೆಯದು. ಐಮ್ಯಾಪ್ ಮಾಡುವ ಕೆಲಸಕ್ಕೇ ಬಂದ ಹೊಸ ಭಾಷೆ, 2019ರ ಜೆಮ್ಯಾಪ್, ಇನ್ನೊಂದು ಹೆಜ್ಜೆ ಮುಂದೆ. ಆರ್‌ಎಫ್‌ಸಿ 8621ರ ಪ್ರಕಾರ ಮೇಲ್ ಇರುವ ಫೋಲ್ಡರನ್ನು ನಾಶ ಮಾಡಲು ಹೋದರೆ, ಒಳಗಿನ ಮೇಲ್‌ಗಳನ್ನೂ ತೆಗೆ ಎಂದು ಬೇರೆಯಾಗಿ ಹೇಳದ ಹೊರತು, ‘ಇದರಲ್ಲಿ ಮೇಲ್ ಇದೆ’ ಎಂಬ ತಪ್ಪು ಸಂದೇಶ (ಎರರ್) ಬರುತ್ತದೆ. ಆ ಆಯ್ಕೆ ಮೂಲದಲ್ಲೇ ‘ಇಲ್ಲ’ ಎಂದು ಇರುತ್ತದೆ. ಉಪಫೋಲ್ಡರ್ ಇದ್ದರಂತೂ ಸುತರಾಂ ಒಪ್ಪುವುದಿಲ್ಲ. ಏಜೆಂಟ್‌ಗಳು ಬರುವುದಕ್ಕೆ ಎಷ್ಟೋ ಮೊದಲು ಬರೆದ ನಿಯಮ ಇದು, ಆದರೆ ಏಜೆಂಟ್‌ಗೆ ಹೇಳಿ ಮಾಡಿಸಿದಂತಿದೆ.

ಐಮ್ಯಾಪ್‌ನ ಉಪಫೋಲ್ಡರ್ ಕಥೆ ಮಾತ್ರ ನಿಧಾನವಾಗಿ ನೋಡಬೇಕಾದದ್ದು, ಏಕೆಂದರೆ ಏಜೆಂಟ್ ಹೆಚ್ಚು ಹಾಳುಮಾಡುವುದು ಇಲ್ಲೇ. ‘ಕಚೇರಿ’ ಎಂಬ ಫೋಲ್ಡರ್, ಅದರಡಿ ‘ಕಚೇರಿ/ರಸೀದಿ’ ಇದೆ ಎನ್ನೋಣ. ‘ಕಚೇರಿ’ ಅಳಿಸು ಎಂದರೆ, ಒಪ್ಪುವ ಸರ್ವರ್ ಅದರೊಳಗಿನ ಮೇಲ್‌ಗಳನ್ನಷ್ಟೇ ತೆಗೆಯುತ್ತದೆ. ‘ರಸೀದಿ’ಯನ್ನು ಮುಟ್ಟಬಾರದು ಎಂಬುದು ನಿಯಮ. ಮಗು ಇದೆಯಲ್ಲ, ಹಾಗಾಗಿ ತಾಯಿಯ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ನೋಸೆಲೆಕ್ಟ್ (ತೆರೆಯಲಾಗದ್ದು) ಎಂಬ ಗುರುತಿನೊಂದಿಗೆ. ಬರೀ ಚಿಪ್ಪು. ಸರ್ವರ್ ‘ಓಕೆ’ ಎಂದಿದೆ, ಕೆಲಸ ಮುಗಿದಿದೆ. ಏಜೆಂಟ್ ಪರೀಕ್ಷಿಸಲು ಪಟ್ಟಿ ತರಿಸುತ್ತದೆ, ‘ಕಚೇರಿ’ ಇನ್ನೂ ಕಾಣುತ್ತದೆ. ಆಗಲಿಲ್ಲವೇನೋ ಎಂದು ಮತ್ತೆ ಅಳಿಸಲು ಹೋಗುತ್ತದೆ. ಈ ಸಲ ಸರ್ವರ್ ‘ಇಲ್ಲ, ಈ ಹೆಸರಿನಡಿ ಬೇರೆ ಹೆಸರುಗಳಿವೆ’ ಎನ್ನುತ್ತದೆ. ಒಳ್ಳೆಯ ಕೆಲಸಗಾರ ಏನು ಮಾಡುತ್ತಾನೆ? ಅಡ್ಡಿ ನಿವಾರಿಸುತ್ತಾನೆ. ‘ರಸೀದಿ’ಯನ್ನು ಮೊದಲು ಅಳಿಸಿ, ಆಮೇಲೆ ‘ಕಚೇರಿ’ಯನ್ನು ಅಳಿಸಿ, ‘ಯಶಸ್ವಿಯಾಗಿ ಮುಗಿಸಿದೆ’ ಎಂದು ವರದಿ ಒಪ್ಪಿಸುತ್ತದೆ. ಮೂರು ಹೆಜ್ಜೆಯಲ್ಲಿ ಒಂದರಲ್ಲೂ ಅದು ಟೂಲಿನ ಮಾತು ಮೀರಿಲ್ಲ. ಟೂಲ್ ಮಾತೇ ಆಡಿರಲಿಲ್ಲ.

ಹಾಗಾದರೆ ಆ ನಾಲ್ಕು ಪದದ ಜಾಗದಲ್ಲಿ ಏನಿರಬೇಕು? ನಿಜವಾದ ಟೂಲಿನಲ್ಲಿ ಇದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಬರೆದರೆ ಸುಮಾರು ಹೀಗೆ:

“ಒಂದು ಮೇಲ್ ಫೋಲ್ಡರನ್ನು, ಅದರಲ್ಲಿರುವ ಎಲ್ಲ ಮೇಲ್ ಸಮೇತ, ಸರ್ವರಿನಿಂದ ಶಾಶ್ವತವಾಗಿ ತೆಗೆಯುತ್ತದೆ. ಕಸದಬುಟ್ಟಿಗೆ ಹೋಗುವುದಿಲ್ಲ, ವಾಪಸ್ ತರುವ ಟೂಲ್ ಇಲ್ಲ. ಉಪಫೋಲ್ಡರ್ ಇರುವ ಫೋಲ್ಡರನ್ನು ಮುಟ್ಟುವುದಿಲ್ಲ; ತಪ್ಪು ಸಂದೇಶ ಕೊಟ್ಟು ನಿಲ್ಲುತ್ತದೆ. ಇನ್‌ಬಾಕ್ಸ್, ಕಳುಹಿಸಿದ್ದು, ಕರಡು, ಆರ್ಕೈವ್, ಸ್ಪ್ಯಾಮ್, ಕಸದಬುಟ್ಟಿ ಇವನ್ನು ಅಳಿಸುವುದಿಲ್ಲ. ಬಳಕೆದಾರರು ಇದೇ ಸಂಭಾಷಣೆಯಲ್ಲಿ ಈ ಫೋಲ್ಡರನ್ನು ಹೆಸರಿಸಿ ಅಳಿಸಲು ಹೇಳಿದ್ದರೆ ಮಾತ್ರ ಬಳಸು. ‘ಮೇಲ್‌ಬಾಕ್ಸ್ ಚೊಕ್ಕ ಮಾಡು’, ‘ಹಳೇದೆಲ್ಲ ತೆಗಿ’ ಎಂಬ ಮಾತಿಗೆ ಇದಲ್ಲ, ಆರ್ಕೈವ್ ಮಾಡುವ ಟೂಲ್ ಬಳಸು. ಮೊದಲು ಮುನ್ನೋಟದ ಟೂಲ್ ಕರೆದು ಟೋಕನ್ (ಅನುಮತಿ ಚೀಟಿ) ಪಡೆ. ಟೋಕನ್ ಇಲ್ಲದೆ ಇದು ನಡೆಯದು.”

ಮೊದಲ ವಾಕ್ಯದಲ್ಲೇ ಮೇಲ್‌ಗಳ ಗತಿ ಹೇಳಿದ್ದು ಬೇಕೆಂದೇ. ‘ಎಚ್ಚರಿಕೆಯಿಂದ ಬಳಸಿ’ ಎಂಬ ಮಾತು ಎಲ್ಲಿಯೂ ಇಲ್ಲ, ಅದೂ ಬೇಕೆಂದೇ. ಎಚ್ಚರಿಕೆಯಿಂದ ಅಂದರೆ ಏನು ಮಾಡಬೇಕು? ಮಾಡೆಲ್‌ಗೆ, ಅಂದರೆ ಏಜೆಂಟ್ ಒಳಗಿನ ಎಐಗೆ, ಅದು ಅಲಂಕಾರ. ದೊಡ್ಡಕ್ಷರದಲ್ಲಿ ‘ಅಪಾಯ’ ಎಂದು ಮೂರು ಸಲ ಬರೆಯುವುದೂ ಹಾಗೆಯೇ. ಕೆಲವೊಮ್ಮೆ ಬೇಕಾದಾಗಲೂ ಬಳಸದ ಹಾಗೆ ಬೆದರಿಸಿಬಿಡುತ್ತದೆ. ಬೇಡ ಎನ್ನುವುದಕ್ಕಿಂತ ಬದಲಿಗೆ ಇದನ್ನು ಮಾಡು ಎಂದು ಇನ್ನೊಂದು ಟೂಲಿನ ದಾರಿ ತೋರಿಸುವ ಆ ಒಂದು ವಾಕ್ಯಕ್ಕೆ ಉಳಿದೆಲ್ಲಕ್ಕಿಂತ ತೂಕ ಹೆಚ್ಚು. ಏಜೆಂಟ್‌ಗೆ ಏನಾದರೊಂದು ಮಾಡಲೇಬೇಕು. ಸುರಕ್ಷಿತ ದಾರಿ ಕಂಡರೆ ಅಲ್ಲಿ ಹೋಗುತ್ತದೆ.

ರಕ್ಷಿತ ಫೋಲ್ಡರ್‌ಗಳ ಪಟ್ಟಿಯನ್ನು ಹೆಸರಿನಿಂದ ಗುರುತಿಸಬಾರದು. ಒಬ್ಬರ ಸರ್ವರಿನಲ್ಲಿ ‘ಸೆಂಟ್’, ಇನ್ನೊಬ್ಬರದ್ದರಲ್ಲಿ ‘ಸೆಂಟ್ ಐಟಮ್ಸ್’, ಮತ್ತೊಬ್ಬರದ್ದರಲ್ಲಿ ‘ಕಳುಹಿಸಿದ ಮೇಲ್’. ಇದಕ್ಕೆಂದೇ 2011ರ ಆರ್‌ಎಫ್‌ಸಿ 6154 ‘ಇದು ಕಳುಹಿಸಿದ್ದು’, ‘ಇದು ಕಸದಬುಟ್ಟಿ’ ಎಂದು ಹೇಳುವ ಸ್ಪೆಷಲ್ ಯೂಸ್ ಗುರುತುಗಳನ್ನು ಕೊಟ್ಟಿದೆ. ಜೆಮ್ಯಾಪ್‌ನಲ್ಲಿ ಇಂಥ ಫೋಲ್ಡರಿಗೆ ‘ರೋಲ್’ ಇದೆ. ಐಮ್ಯಾಪ್ ತಾನಾಗಿ ಕಾಯುವುದು ಇನ್‌ಬಾಕ್ಸ್ ಒಂದನ್ನೇ, ಉಳಿದದ್ದು ಟೂಲಿನ ಹೊಣೆ.

ಹೆಸರಿನ ಮಾತು ಬಂತಲ್ಲ, ಕನ್ನಡದವರಿಗೆ ಇದು ಬರೀ ತಾತ್ವಿಕ ಪ್ರಶ್ನೆಯಲ್ಲ. ‘ರಸೀದಿ’ ಎಂಬ ಫೋಲ್ಡರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಇದನ್ನು ಐದು ಸಂಕೇತಗಳಲ್ಲಿ ಬರೆಯಬಹುದು: ರ, ಸ, ದೀರ್ಘ ಈ-ಕಾರ, ದ, ಹ್ರಸ್ವ ಇ-ಕಾರ. ಆದರೆ ಆ ದೀರ್ಘ ಈ-ಕಾರವನ್ನು ಗುಡಿಸು, ದೀರ್ಘ ಎಂದು ಎರಡಾಗಿ ಒಡೆದು ಆರು ಸಂಕೇತಗಳಲ್ಲೂ ಬರೆಯಬಹುದು. ಪರದೆಯಲ್ಲಿ ಎರಡೂ ತದ್ರೂಪು. ಬೈಟ್‌ಗಳ ಲೆಕ್ಕದಲ್ಲಿ ಎರಡು ಬೇರೆ ಹೆಸರು, ಆದ್ದರಿಂದ ಎರಡು ಬೇರೆ ಫೋಲ್ಡರ್ ಇರಲು ಸಾಧ್ಯ: ಒಂದು ಫೋನಿನಿಂದ ಮಾಡಿದ್ದು, ಇನ್ನೊಂದು ಯಾವುದೋ ಹಳೆಯ ಸಾಫ್ಟ್‌ವೇರ್ ಸಾಗಿಸಿ ತಂದದ್ದು. ಏತ್ವ, ಐತ್ವ, ಒತ್ವ, ಓತ್ವ ಎಲ್ಲಕ್ಕೂ ಇದೇ ಪಾಡು. ‘ಬಿಲ್‌ಗಳು’ ಎಂಬಲ್ಲಿ ಲ ಮತ್ತು ಗ ಬೆಸೆಯದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಏಜೆಂಟ್ ಹೆಸರನ್ನು ಮತ್ತೆ ಬರೆಯುವಾಗ ಅದು ಉದುರಿಹೋದರೆ ಸರ್ವರಿಗೆ ಅದು ಬೇರೆಯೇ ಹೆಸರು.

ಹಳೆಯ ಐಮ್ಯಾಪ್ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ) ಅಲ್ಲದ ಹೆಸರುಗಳು ತಂತಿಯ ಮೇಲೆ ಮಾರ್ಪಡಿಸಿದ ಯುಟಿಎಫ್-7 ಎಂಬ ಸಂಕೇತರೂಪದಲ್ಲಿ ಸಾಗುತ್ತವೆ. ಐದು ಸಂಕೇತದ ‘ರಸೀದಿ’ ಒಟ್ಟು 16 ಅಕ್ಷರಗಳ ಅರ್ಥವಿಲ್ಲದ ಸರಮಾಲೆಯಾಗುತ್ತದೆ, ಒಡೆದು ಬರೆದ ‘ರಸೀದಿ’ 18 ಅಕ್ಷರಗಳದ್ದು. ಟೂಲ್ ಅದನ್ನು ಬಿಡಿಸದೆ ಹಾಗೇ ಏಜೆಂಟ್ ಮುಂದೆ ಎಸೆದರೆ, ಒಂದು ಅಕ್ಷರ ಆಚೀಚೆ ಮಾಡಿ ವಾಪಸ್ ಬರೆಯುವುದು ಮಾಡೆಲ್‌ಗೆ ತೀರಾ ಸಹಜ. ಹೊಸ ಐಮ್ಯಾಪ್ ಯುಟಿಎಫ್-8 ಬಳಸುತ್ತದೆ, ಆದರೆ ಎಲ್ಲ ಸರ್ವರ್‌ಗಳೂ ಅಲ್ಲಿಗೆ ಬಂದಿಲ್ಲ.

ಹಾಗಾಗಿ ಯಾವ ಫೋಲ್ಡರ್ ಎಂದು ತೋರಿಸುವ ಪ್ಯಾರಾಮೀಟರ್ ಅದರ ಹೆಸರಾಗಿರಬಾರದು, ಪಟ್ಟಿ ಮಾಡುವ ಟೂಲ್ ಕೊಟ್ಟ ಗುರುತು (ಐಡಿ) ಆಗಿರಬೇಕು. ಜೆಮ್ಯಾಪ್, ಜಿಮೇಲ್, ಮೈಕ್ರೋಸಾಫ್ಟ್ ಗ್ರಾಫ್ (ಮೈಕ್ರೋಸಾಫ್ಟ್ ಮೇಲ್ ತಲುಪಲು ಪ್ರೋಗ್ರಾಂಗಳಿಗಿರುವ ಈಗಿನ ದಾರಿ) ಮೂರರಲ್ಲೂ ಗುರುತು ಸಿದ್ಧವಾಗಿ ಸಿಗುತ್ತದೆ. ಐಮ್ಯಾಪ್‌ನಲ್ಲಿ 2018ರ ಆರ್‌ಎಫ್‌ಸಿ 8474 ಮೇಲ್‌ಬಾಕ್ಸ್ ಐಡಿ ತಂದಿತು, ಹೆಸರು ಬದಲಾದರೂ ಅದು ಬದಲಾಗದು. ಆದರೆ ಡಿಲೀಟ್ ಆಜ್ಞೆ ಕೇಳುವುದು ಇವತ್ತಿಗೂ ಹೆಸರನ್ನೇ. ಟೂಲ್ ಆ ಗುರುತನ್ನು ಕೊನೆಯ ಗಳಿಗೆಯಲ್ಲಿ ಹೆಸರಾಗಿಸಿ, ಯುಐಡಿ ವ್ಯಾಲಿಡಿಟಿ (ಇದು ಅದೇ ಫೋಲ್ಡರೋ, ಅದೇ ಹೆಸರಿನ ಹೊಸದೋ ಎಂದು ತಿಳಿಸುವ ಸಂಖ್ಯೆ) ಹೊಂದುತ್ತದೆಯೇ ನೋಡಿ, ಆಮೇಲೆ ಆಜ್ಞೆ ಕಳಿಸಬೇಕು. ವಿವರಣೆಯಲ್ಲಿ ಬರೆಯಬೇಕಾದ್ದು ಒಂದೇ ಸಾಲು: “ಈ ಗುರುತನ್ನು ನೀನಾಗಿ ರಚಿಸಬೇಡ, ಪಟ್ಟಿಯಿಂದ ಬಂದದ್ದನ್ನು ಹಾಗೇ ಕೊಡು.” ಜತೆಗೆ ಫೋಲ್ಡರಿನ ಹೆಸರನ್ನೂ ಕಡ್ಡಾಯ ಪ್ಯಾರಾಮೀಟರ್ ಮಾಡಿ, ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ (ಒಡೆದ ಸಂಕೇತಗಳನ್ನು ಬೆಸೆದ ರೂಪಕ್ಕೆ) ತಂದು ಹೋಲಿಸಿದರೆ ಇನ್ನೂ ಒಳ್ಳೆಯದು. ಎರಡೂ ತಾಳೆಯಾಗದಿದ್ದರೆ ಏಜೆಂಟ್ ಎಲ್ಲೋ ಗುರುತುಗಳನ್ನು ಅದಲುಬದಲು ಮಾಡಿದೆ ಎಂದರ್ಥ.

ಇನ್ನು ‘ಖಚಿತವೇ’ ಎಂಬ ಪ್ಯಾರಾಮೀಟರ್. ಹೌದು ಅಥವಾ ಇಲ್ಲ. ‘ಹೌದು’ ಎಂದರೆ ಮಾತ್ರ ಅಳಿಸುತ್ತದೆ. ಇದನ್ನು ಸುರಕ್ಷತೆ ಎಂದು ಕರೆಯುವವರ ಮೇಲೆ ಸಿಟ್ಟು ಬರುತ್ತದೆ. ಅದನ್ನು ತುಂಬುವುದು ಯಾರು? ಅದೇ ಮಾಡೆಲ್. ಮೊದಲ ಸಲ ‘ಇಲ್ಲ’ ಎಂದು ಕರೆದು, ತಪ್ಪು ಸಂದೇಶ ನೋಡಿ, ಎರಡನೇ ಸಲ ‘ಹೌದು’ ಎಂದು ತುಂಬುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಮುನ್ನೋಟ ಮತ್ತು ಟೋಕನ್ ಇದಕ್ಕಿಂತ ವಾಸಿ, ಆದರೆ ಅದರ ಮಿತಿಯೂ ಗೊತ್ತಿರಬೇಕು. ಮುನ್ನೋಟದ ಟೂಲ್ ಏನನ್ನೂ ಬದಲಿಸದೆ ವಿವರ ತರುತ್ತದೆ: ಫೋಲ್ಡರಿನ ಪೂರ್ಣ ದಾರಿ, ಒಟ್ಟು ಮೇಲ್, ಓದದವು ಎಷ್ಟು, ಅತಿ ಹಳೆಯದರ ಮತ್ತು ಅತಿ ಹೊಸದರ ದಿನಾಂಕ, ಉಪಫೋಲ್ಡರ್‌ಗಳು, ಅಳಿಸಿದ ಮೇಲೆ ಮರಳಿ ಪಡೆಯಲು ಇರುವ ಅವಧಿ. ಕೊನೆಯದರಲ್ಲಿ ಸರ್ವರಿನ ನಿಜವಾದ ಸಂಖ್ಯೆ ಇರಬೇಕು. ಜಿಮೇಲ್ ಕಸದಬುಟ್ಟಿ 30 ದಿನ ಇಡುತ್ತದೆ. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಅಳಿಸಿದವುಗಳಲ್ಲಿಂದಲೂ ಹೋದ ಮೇಲ್ ಮೂಲತಃ 14 ದಿನ ಇರುತ್ತದೆ, ಆಡಳಿತಗಾರರು 30ರವರೆಗೆ ಹೆಚ್ಚಿಸಬಹುದು. ಬರೀ ಐಮ್ಯಾಪ್ ಆದರೆ ಸೊನ್ನೆ. ಈ ವಿವರಗಳಿಗೆ ಕಟ್ಟಿದ ಟೋಕನ್ ಒಂದೇ ಸಲಕ್ಕೆ, ಐದು ನಿಮಿಷಕ್ಕೆ. ಮಧ್ಯೆ ಹೊಸ ಮೇಲ್ ಬಂದು ಯುಐಡಿ ನೆಕ್ಸ್ಟ್ (ಮುಂದಿನ ಮೇಲ್‌ಗೆ ಸಿಗಬೇಕಾದ ಸಂಖ್ಯೆ) ಬದಲಾಗಿದ್ದರೆ ಟೋಕನ್ ರದ್ದು. ಜೆಮ್ಯಾಪ್‌ನಲ್ಲಾದರೆ ಹಿಂದೆ ನೋಡಿದ ಸ್ಥಿತಿಯನ್ನು ಕೋರಿಕೆಯ ಜತೆ ಕಳಿಸಿದರೆ ಸಾಕು, ಸ್ಥಿತಿ ಬದಲಾಗಿದ್ದರೆ ಸರ್ವರೇ ನಿರಾಕರಿಸುತ್ತದೆ. ಐಮ್ಯಾಪ್‌ನಲ್ಲಿ ನೋಡುವುದಕ್ಕೂ ಅಳಿಸುವುದಕ್ಕೂ ನಡುವೆ ಕ್ಷಣದ ಬಿರುಕು ಉಳಿದೇ ಉಳಿಯುತ್ತದೆ.

ಮಿತಿ ಏನೆಂದರೆ, ಎರಡೂ ಟೂಲ್‌ಗಳನ್ನು ಕರೆಯುವುದು ಅದೇ ಏಜೆಂಟ್. ಟೋಕನ್ ತಪ್ಪು ಫೋಲ್ಡರನ್ನು ತಡೆಯುತ್ತದೆ, ತಪ್ಪು ನಿರ್ಧಾರವನ್ನಲ್ಲ. ನಿರ್ಧಾರಕ್ಕೆ ಮನುಷ್ಯರೇ ಬೇಕು, ಮತ್ತು ಅವರ ‘ಹೌದು’ ಮಾಡೆಲ್ ಮೂಲಕ ಬರದೆ ಆ್ಯಪ್‌ನ ಗುಂಡಿಯಿಂದ ನೇರ ಟೂಲಿಗೆ ಬರಬೇಕು. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ (ಎಐಗೆ ಟೂಲ್‌ಗಳನ್ನು ಜೋಡಿಸುವ ಒಂದು ಒಪ್ಪಿತ ಪದ್ಧತಿ) ಬಳಸುವವರಿಗೆ ಇದಕ್ಕೆ ಕೆಲವು ಸುಳಿವುಗಳಿವೆ. 2025ರ ಮಾರ್ಚ್ ಆವೃತ್ತಿಯಿಂದ ಟೂಲಿಗೆ ‘ಓದಲಷ್ಟೇ’, ‘ವಿನಾಶಕಾರಿ’, ‘ಮತ್ತೆ ಕರೆದರೂ ಅಷ್ಟೇ’ ಎಂಬ ಗುರುತು ಹಚ್ಚಬಹುದು. ಏನೂ ಹಚ್ಚದಿದ್ದರೆ ವಿನಾಶಕಾರಿ ಎಂದೇ ಲೆಕ್ಕ, ಸರಿಯಾದ ಆಯ್ಕೆ. ಆದರೆ ಇವು ಸುಳಿವುಗಳಷ್ಟೇ ಎಂದು ಅಲ್ಲೇ ಹೇಳಿದೆ. ಗುಂಡಿ ತೋರಿಸುವುದು ಬಿಡುವುದು ಆ್ಯಪ್‌ನ ಇಷ್ಟ. ಮೂರನೆಯ ಗುರುತಿನಲ್ಲಿ ಎಡವುವವರು ಬಹಳ. ಅಳಿಸಿದ್ದನ್ನು ಮತ್ತೆ ಅಳಿಸಿದರೆ ಏನೂ ಆಗದು ಎಂದು ‘ಹೌದು’ ಹಾಕುತ್ತಾರೆ. ಟೂಲ್ ಹೆಸರಿನಿಂದ ಕೆಲಸ ಮಾಡುವುದಾದರೆ ಅದು ತಪ್ಪು: ನಡುವೆ ಮೇಲ್ ವಿಂಗಡಿಸುವ ಯಾವುದೋ ನಿಯಮ ಅದೇ ಹೆಸರಿನ ಫೋಲ್ಡರನ್ನು ಮತ್ತೆ ಹುಟ್ಟಿಸಿದ್ದರೆ ಎರಡನೇ ಕರೆ ಹೊಸದನ್ನು ನುಂಗುತ್ತದೆ.

ಕೊಡುವ ಅನುಮತಿಯೇ ಕಡಿಮೆಯಿದ್ದರೆ ಇವೆಲ್ಲ ಹಗುರ. ಜಿಮೇಲ್‌ನಲ್ಲಿ ಮಾರ್ಪಾಡು ಮಟ್ಟದ ಅನುಮತಿ ಇದ್ದವರು ಮೇಲನ್ನು ಕಸದಬುಟ್ಟಿ ದಾಟಿಸಿ ಅಳಿಸಲಾರರು, ಅದಕ್ಕೆ ಪೂರ್ಣ ಅನುಮತಿ ಬೇಕು. ಐಮ್ಯಾಪ್‌ನಲ್ಲಿ ಹಕ್ಕುಗಳ ಪಟ್ಟಿ ಇರುವ ಸರ್ವರಾದರೆ ಏಜೆಂಟ್ ಖಾತೆಯಿಂದ ‘ಎಕ್ಸ್’ ಹಕ್ಕು ಕಿತ್ತರೆ ಮೇಲ್‌ಬಾಕ್ಸ್ ಅಳಿಸಲು ಆಗದು. ಒಂದು ತೊಡಕು: ಹೆಸರು ಬದಲಿಸಲೂ ಅದೇ ಹಕ್ಕು ಬೇಕು, ಆದ್ದರಿಂದ ಕಸದಬುಟ್ಟಿಗೆ ಸಾಗಿಸುವ ದಾರಿಯೂ ಮುಚ್ಚುತ್ತದೆ.

ತಪ್ಪು ಸಂದೇಶಗಳು ವಿವರಣೆಯ ಅರ್ಧ ಭಾಗ, ಆದರೆ ಅವನ್ನು ಯಾರೂ ಕೂತು ಬರೆಯುವುದಿಲ್ಲ. ಏಜೆಂಟ್‌ಗೆ ತಪ್ಪು ಸಂದೇಶ ಎಂದರೆ ಮುಂದಿನ ಹೆಜ್ಜೆಯ ಸೂಚನೆ. ‘ಉಪಫೋಲ್ಡರ್‌ಗಳಿವೆ’ ಎಂದಷ್ಟೇ ಹೇಳಿದರೆ ಅವನ್ನು ತೆಗಿ ಎಂದು ಹೇಳಿದ ಹಾಗೆ. “ಏನನ್ನೂ ಅಳಿಸಿಲ್ಲ. ಇದರಡಿ 2 ಉಪಫೋಲ್ಡರ್‌ಗಳಿವೆ. ಅವನ್ನು ಅಳಿಸಲು ಹೋಗಬೇಡ; ಹೆಸರುಗಳನ್ನು ತೋರಿಸಿ ಬಳಕೆದಾರರನ್ನು ಕೇಳು” ಎಂದು ಬರೆಯಬೇಕು. ‘ಏನನ್ನೂ ಅಳಿಸಿಲ್ಲ’ ಎಂಬುದು ಮೊದಲು ಬರಬೇಕು, ಆಮೇಲೆ ಕಾರಣ. ದೊಡ್ಡ ಫೋಲ್ಡರಾದರೆ ಸರ್ವರ್ ಇನ್ನೂ ಅಳಿಸುತ್ತಿರುವಾಗಲೇ ಟೂಲ್ 30 ಸೆಕೆಂಡಿಗೆ ಕಾಯುವುದು ಬಿಟ್ಟಿರಬಹುದು. ಅದನ್ನು ‘ವಿಫಲ’ ಎಂದು ವರದಿ ಮಾಡುವುದು ಸುಳ್ಳು. ಆಯಿತು, ಆಗಲಿಲ್ಲ, ಗೊತ್ತಿಲ್ಲ, ಹೀಗೆ ಮೂರು ಉತ್ತರಗಳಿರಬೇಕು. ‘ಗೊತ್ತಿಲ್ಲ’ ಬಂದಾಗ ಪಟ್ಟಿ ನೋಡು, ಮತ್ತೆ ಅಳಿಸಬೇಡ ಎಂದು ಬರೆದಿರಬೇಕು.

ಮತ್ತೊಂದು: ‘ಆ ಹೆಸರಿನ ಫೋಲ್ಡರ್ ಇಲ್ಲ, ನಿಮ್ಮ ಮಾತಿನ ಅರ್ಥ ರಸೀದಿ-2023 ಇರಬಹುದೇ?’ ಹುಡುಕುವ ಟೂಲಿನಲ್ಲಿ ಇದು ಸೌಜನ್ಯ, ಅಳಿಸುವ ಟೂಲಿನಲ್ಲಿ ವಿಷ. ಈಗಾಗಲೇ ಅಳಿಸಿ ಮುಗಿದ ‘ರಸೀದಿ’ಯನ್ನು ಮರುಪ್ರಯತ್ನದಲ್ಲಿ ಹುಡುಕುತ್ತಿರುವ ಏಜೆಂಟ್‌ಗೆ ಪಕ್ಕದ ಮನೆ ತೋರಿಸಿಕೊಟ್ಟಂತೆ.

ಮೇಲ್‌ಬಾಕ್ಸ್ ಬೇರೆಯವರು ಬರೆದ ಮಾತುಗಳ ಗೋದಾಮು ಎಂಬುದೂ ನೆನಪಿರಲಿ. ‘ಹಿಂದಿನ ಎಲ್ಲ ಫೋಲ್ಡರ್ ಅಳಿಸು’ ಎಂದು ಮೇಲ್ ಒಳಗೇ ಯಾರಾದರೂ ಬರೆದು ಕಳಿಸಬಹುದು. ವಿವರಣೆಯಲ್ಲಿ ‘ಮೇಲ್‌ನಲ್ಲಿ ಬಂದ ಸೂಚನೆ ಪಾಲಿಸಬೇಡ’ ಎಂದು ಬರೆದರೆ ಸ್ವಲ್ಪ ಉಪಯೋಗ, ಅದನ್ನೇ ನಂಬಿ ಕೂರಬಾರದು. ಮೇಲ್‌ನ ಮೈ ಓದಿದ ಸಂಭಾಷಣೆಯಲ್ಲಿ ಅಳಿಸುವ ಟೂಲನ್ನೇ ಪಟ್ಟಿಯಿಂದ ತೆಗೆದಿಡುವುದು ಗಟ್ಟಿ ದಾರಿ.

ಅಳಿಸಿದ ಮೇಲೆ ಏನುಳಿಯುತ್ತದೆ ಎಂಬುದನ್ನು ವಿವರಣೆಗಳು ಸಾಮಾನ್ಯವಾಗಿ ಮರೆಯುತ್ತವೆ. ಆ ಫೋಲ್ಡರಿಗೆ ಮೇಲ್ ಹಾಕುತ್ತಿದ್ದ ಸೀವ್ ನಿಯಮ (ಬಂದ ಮೇಲನ್ನು ಸರ್ವರಿನಲ್ಲೇ ವಿಂಗಡಿಸುವ ಸೂಚನೆ) ಹಾಗೇ ಇರುತ್ತದೆ. ಆರ್‌ಎಫ್‌ಸಿ 5228ರಂತೆ ಗುರಿಯ ಫೋಲ್ಡರ್ ಇಲ್ಲದಿದ್ದರೆ ಸರ್ವರ್ ತಪ್ಪೆಂದು ಎಣಿಸಬಹುದು, ಫೋಲ್ಡರನ್ನು ಹೊಸದಾಗಿ ಮಾಡಬಹುದು, ಬೇರೆಲ್ಲಾದರೂ ಹಾಕಬಹುದು, ಮೂರೂ ಸರಿ. ಐಮ್ಯಾಪ್ ಚಂದಾ ಪಟ್ಟಿಯಲ್ಲಿ (ಆ್ಯಪ್ ತೋರಿಸಬೇಕಾದ ಫೋಲ್ಡರ್‌ಗಳ ಪಟ್ಟಿಯಲ್ಲಿ) ಹೆಸರು ಉಳಿಯುತ್ತದೆ, ಸರ್ವರ್ ತಾನಾಗಿ ತೆಗೆಯಬಾರದು. ಜಿಎಸ್‌ಟಿ ಬಿಲ್‌ಗಳು ಮೇಲ್‌ನಲ್ಲೇ ಬರುವ ಕಚೇರಿಯಲ್ಲಿ ಇನ್ನೂ ಒಂದು ಎಚ್ಚರ: ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು. ಅಂಥ ಫೋಲ್ಡರ್‌ಗಳನ್ನು ಮಾಲೀಕರೇ ರಕ್ಷಿತ ಪಟ್ಟಿಗೆ ಸೇರಿಸಲು ಟೂಲಿನಲ್ಲಿ ಜಾಗ ಬೇಕು, ಆ ಪಟ್ಟಿ ಏಜೆಂಟ್ ಕೈಗೆ ಸಿಗಬಾರದು.

ಬರೆದದ್ದು ಸರಿಯಿದೆಯೇ ಎಂದು ನೋಡಲು ಪರೀಕ್ಷಾ ಖಾತೆಯೊಂದರಲ್ಲಿ ಎರಡು ಬಗೆಯ ‘ರಸೀದಿ’, ಒಂದು ‘ಕಚೇರಿ/ರಸೀದಿ’, ಒಂದು ಖಾಲಿ ಫೋಲ್ಡರ್, ನಿಧಾನವಾಗಿ ಅಳಿಯುವಷ್ಟು ದೊಡ್ಡದೊಂದು, ಒಳಗೆ ದುಷ್ಟ ಸೂಚನೆಯಿರುವ ಮೇಲ್ ಒಂದು ಇಟ್ಟು, ಬೇಕೆಂದೇ ಸಡಿಲವಾದ ಮಾತು ಹೇಳಿ: “ಹಳೇ ಕಚೇರಿ ಮೇಲ್ ಎಲ್ಲ ಒಂದು ದಾರಿಗೆ ತಾ.” ಇಪ್ಪತ್ತು ಸಲ ಓಡಿಸಿ, ಅಳಿಸುವ ಟೂಲನ್ನು ಏಜೆಂಟ್ ಎಷ್ಟು ಸಲ ಕರೆಯಿತು ಎಣಿಸಿ. ಆಮೇಲೆ ವಿವರಣೆಯಿಂದ ಒಂದೊಂದೇ ವಾಕ್ಯ ತೆಗೆದು ಮತ್ತೆ ಓಡಿಸಿ. ತೆಗೆದರೂ ಎಣಿಕೆ ಬದಲಾಗದ ವಾಕ್ಯವನ್ನು ಬಿಟ್ಟುಬಿಡಬಹುದು. ಅದು ಪ್ರತಿ ಕೋರಿಕೆಯ ಜತೆಗೂ ಮಾಡೆಲ್ ಓದಬೇಕಾದ ಪಠ್ಯವನ್ನು ಸುಮ್ಮನೆ ಬೆಳೆಸುತ್ತಾ ಹೋಗುತ್ತಿರುತ್ತದೆ. ಆರ್ಕೈವ್ ಟೂಲಿನ ಕಡೆ ಕೈತೋರಿಸುವ ಆ ಸಾಲನ್ನು ಮಾತ್ರ ಕೊನೆಗೆ ತೆಗೆದು ನೋಡಿ.